ವಿಭೂತಿ ಹಚ್ಚಿಕೊಂಡು ಬಂದ ಇಟಲಿಯ ಕಲ್ಲು

ಕಳೆದ ಶನಿವಾರ ಇಲ್ಲಿ ನ್ಯೂಜೆರ್ಸಿಯ ಐಸೆಲಿನ್‌ನ ಓಕ್ ಟ್ರೀ ರೋಡಿನಲ್ಲಿ ಪಾರ್ಕಿಂಗಿಗಾಗಿ ಸುತ್ತು ಹೊಡೆಯುತ್ತಿದ್ದಾಗ, ಪಕ್ಕದಲ್ಲಿ ಕುಳಿತಿದ್ದ ಅನಘಾ ಮೆಲ್ಲಗೆ ಒಂದು ಸುದ್ದಿ ಬಿಟ್ಟಳು. ಹಿಲ್ಸ್‌ಬರೋದಲ್ಲಿ ನಮ್ಮ ಎದುರು ಮನೆಯ ಹುಡುಗಿ, ಈಚೆಗೆ ಕಾಲೇಜು ಮುಗಿಸಿದವಳು.

"ಆಂಟಿ, ನಂಗೆ ಮ್ಯಾನ್‌ಹ್ಯಾಟನ್ನಲ್ಲಿ ಒಂದು ಟ್ರೇಡ್ ಆಫೀಸಲ್ಲಿ ಜಾಬ್ ಸಿಕ್ತು. ನೀವು ಮಾಡ್ತಿದ್ರಲ್ಲ, ಅದೇ ಥರದ್ದು. ಅಲ್ಲಿ ಆಕ್ಚುಅಲಿ ಏನ್ ಮಾಡ್ತಾರೆ?"

ನನಗೆ ಎಷ್ಟು ಖುಷಿಯಾಯಿತೆಂದರೆ, ಕಣ್ಣೆದುರಿಗೆ ಖಾಲಿಯಾದ ಜಾಗವನ್ನೂ ಬಿಟ್ಟು ಮುಂದೆ ಹೋಗಿಬಿಟ್ಟೆ. ಇಲ್ಲಿ ನಮ್ಮವರಲ್ಲಿ ಡಾಕ್ಟರು, ಎಂಜಿನಿಯರು, ಕಂಪ್ಯೂಟರಿನವರು ಬಿಟ್ಟರೆ ಬೇರೆ ಕೆಲಸದವರು ಸಿಗುವುದೇ ಅಪರೂಪ. ನಾನು ಇಟಲಿ ಸರ್ಕಾರದ ನ್ಯೂಯಾರ್ಕಿನ ವ್ಯಾಪಾರ ಕಚೇರಿಯಲ್ಲಿ ಕಲ್ಲಿನ ವಿಭಾಗ ನೋಡಿಕೊಳ್ಳುತ್ತೇನೆ ಎಂದಾಗಲೆಲ್ಲ ಜನ "ಕಲ್ಲಾ?" ಎಂದು ಕೇಳಿ, ಪಾಪ ಅನ್ನುವ ಹಾಗೆ ನೋಡಿ, ತಮ್ಮ ತಟ್ಟೆಯ ಉಪ್ಪಿಟ್ಟಿನ ಕಡೆ ತಿರುಗುತ್ತಿದ್ದರು. ಕೊನೆಗೂ ಕೇಳುವವಳು ಒಬ್ಬಳು ಸಿಕ್ಕಳು. ಬಿಡುತ್ತೇನೆಯೇ? ಕಾರಿನಲ್ಲಿ ಅರ್ಧ ಹೇಳಿದೆ, ಉಳಿದದ್ದನ್ನೂ ಸೇರಿಸಿ ಈಗ ಬರೆಯುತ್ತಿದ್ದೇನೆ. ಬಡ್ತಿ, ಸನ್ಮಾನ, ಬೀಳ್ಕೊಡುಗೆಯ ಕೇಕು ಇವೆಲ್ಲ ಬೇಡ. ಅವು ಎಲ್ಲ ಆಫೀಸಿನಲ್ಲೂ ಒಂದೇ ಥರ.

ಕೆಲಸ ಏನು ಎಂದರೆ, ಇಟಲಿಯಲ್ಲಿ ಕಲ್ಲು ಕೊಯ್ದು ಹೊಳಪು ಕೊಡುವವರನ್ನು ಇಲ್ಲಿ ಕಟ್ಟಡ ಕಟ್ಟುವವರಿಗೆ ಪರಿಚಯ ಮಾಡಿಸುವುದು. ನಾವು ಮಾರುವುದೂ ಇಲ್ಲ, ಕೊಳ್ಳುವುದೂ ಇಲ್ಲ. ಮದುವೆ ಕುದುರಿಸುವವರ ಕೆಲಸ ಅದು. ಹೆಣ್ಣಿನ ಮೂಗು ಸ್ವಲ್ಪ ಮೊಂಡು ಅಂತ ಗೊತ್ತಿದ್ದರೂ ಜಾತಕ ಹೊಗಳುತ್ತ ಕೂರಬೇಕು. ಮೊದಮೊದಲು ಮಾದರಿ ಕಲ್ಲುಗಳನ್ನು ಕೈಚೀಲದಲ್ಲಿ ತುಂಬಿಕೊಂಡು ಟ್ರೇನು ಹತ್ತುತ್ತಿದ್ದೆ. ನನ್ನ ಬಲಭುಜ ಇವತ್ತಿಗೂ ಎಡಕ್ಕಿಂತ ಒಂದಿಷ್ಟು ಕೆಳಗಿದೆ. ಆಮೇಲೆ ಫ್ಯಾಕ್ಸ್ ಬಂತು, ಫ್ಯಾಕ್ಸಿನಲ್ಲಿ ಎಲ್ಲ ಕಲ್ಲೂ ಕಪ್ಪು. ಆಮೇಲೆ ಇಮೇಲು, ಫೋಟೋ. ಈಗ ಫೋನು ಎತ್ತಿ ಹಿಡಿದರೆ ಕಾರ್ಖಾನೆಯೇ ಅಂಗೈಯಲ್ಲಿ ಕಾಣುತ್ತದಂತೆ. ಒಳ್ಳೆಯದೇ. ಆದರೆ ಫೋಟೋದಲ್ಲಿ ಕಾಣುವುದು ಕಲ್ಲಿನ ಮುಖ ಮಾತ್ರ, ಬೆನ್ನಲ್ಲ. ನಾನು ಹೇಳಹೊರಟಿರುವುದು ಒಂದು ಕಲ್ಲಿನ ಬೆನ್ನಿನ ವಿಷಯ.

ಮೇಲಧಿಕಾರಿಗಳು ಹಲವರು ಬಂದು ಹೋದರು. ಒಬ್ಬರು ಬೆಳಿಗ್ಗೆ ಕಾಫಿಗೆಂದು ಹೋದರೆ ಮಧ್ಯಾಹ್ನದ ಊಟ ಮುಗಿಸಿಯೇ ಬರುತ್ತಿದ್ದರು. ಇನ್ನೊಬ್ಬರಿಗೆ ನ್ಯೂಜೆರ್ಸಿ ಎಂದರೆ ವಿದೇಶ, ಹಡ್ಸನ್ ನದಿ ದಾಟಲೇ ಇಲ್ಲ. ಮರೆಯಲಾಗದವರು ಒಬ್ಬರೇ, ದೊತ್ತೋರೆ ಆದ್ರಿಯಾನೊ. ಇಟಲಿಯಲ್ಲಿ ಡಿಗ್ರಿ ಆದವರನ್ನೆಲ್ಲ ದೊತ್ತೋರೆ ಎನ್ನುತ್ತಾರೆ, ನಮ್ಮಲ್ಲಿ ಯಾರನ್ನು ಕಂಡರೂ ಸಾರ್ ಎನ್ನುವ ಹಾಗೆ. ನೇಪಲ್ಸ್ ಕಡೆಯವರು, ಕುಳ್ಳಗೆ, ಕೈ ಕಟ್ಟಿಹಾಕಿದರೆ ಮಾತೇ ಹೊರಡದ ಜೀವ. ಹುಟ್ಟಾ ರಾಜತಾಂತ್ರಿಕ. ನನ್ನ ಹೆಸರು ಗಿರಿಜಾ. ಕಾಗದದಲ್ಲಿ ನೋಡಿ ಇಟಲಿಯ ರೀತಿಯಲ್ಲಿ ಓದಿದ ಅವರು ಮೊದಲ ದಿನ "ಸಿನ್ಯೋರಾ ಜಿರಿಯಾ", ಅಂದರೆ ಶ್ರೀಮತಿ ಜಿರಿಯಾ ಎಂದರು. ತಿದ್ದಿದೆ. ಕೊನೆಯವರೆಗೂ ಜಿರಿಯಾ ಎಂದೇ ಕರೆದರು.

ಬಂದ ವಾರವೇ ನನ್ನನ್ನು ಕರೆದು ಬಾಗಿಲು ಹಾಕಿದರು.

"ರೋಮಿನಲ್ಲಿ ನಮ್ಮ ಮೇಲಿನವರಿಗೆ ಕಲ್ಲು ಬೇಡವಾಗಿದೆ. ವೈನು, ಚಪ್ಪಲಿ, ಬಟ್ಟೆ ಸಾಕಂತೆ. ಈ ವರ್ಷ ಒಂದು ದೊಡ್ಡ ಆರ್ಡರ್ ತೋರಿಸದಿದ್ದರೆ ಕಲ್ಲಿನ ವಿಭಾಗವನ್ನು ಮುಚ್ಚಬೇಕು."

ಕಲ್ಲಿನ ವಿಭಾಗ ಎಂದರೆ ಒಂದು ಮೇಜು ಮತ್ತು ನಾನು. ಹಿಲ್ಸ್‌ಬರೋದ ಮನೆಗೆ ಆಗಷ್ಟೇ ಬಂದಿದ್ದೆವು, ನನ್ನ ಗಂಡ ಬಸವರಾಜರಿಗೆ ಕಂಪನಿಯಲ್ಲಿ ಲೇ ಆಫ್ ಆಗಿತ್ತು. ನನ್ನ ಕೆಲಸವೂ ಹೋದರೆ ಏನು ಗತಿ ಎಂದು ಅಲ್ಲೇ ಮನೆಯ ಕಂತಿನ ಲೆಕ್ಕ ಹಾಕತೊಡಗಿದೆ. ಆದರೆ ದೊತ್ತೋರೆ ಮುಖದಲ್ಲಿ ಹಬ್ಬ. "ಒಂದು ಆರ್ಡರ್ ತಾನೆ, ತರೋಣ" ಎಂದರು.

ತಂದೆವು ಕೂಡ. ಜೆರ್ಸಿ ಸಿಟಿಯಲ್ಲಿ ದೊಡ್ಡದೊಂದು ಕಟ್ಟಡ ಎಬ್ಬಿಸುತ್ತಿದ್ದ ಬಿಲ್ಡರ್ ಸಿಕ್ಕ, ಹೆಸರು ವಿನ್ನಿ. ಅವನ ತಾತ ಇಟಲಿಯಿಂದ ಬಂದ ಕಲ್ಲುಕುಟಿಗ. ವಿನ್ನಿಗೆ ತಿಂಡಿ ತೀರ್ಥದ ಹೆಸರು ಬಿಟ್ಟರೆ ಇಟಾಲಿಯನ್ ಬರುತ್ತಿರಲಿಲ್ಲ, ಅಭಿಮಾನದಲ್ಲಿ ಮಾತ್ರ ದೊತ್ತೋರೆಯನ್ನೂ ಮೀರಿಸುತ್ತಿದ್ದ. ನಮ್ಮಲ್ಲೂ ನೋಡಿ, ಕನ್ನಡ ಬಾರದ ಹುಡುಗನೇ ರಾಜ್ಯೋತ್ಸವದಲ್ಲಿ ಎಲ್ಲರಿಗಿಂತ ಎತ್ತರಕ್ಕೆ ಬಾವುಟ ಹಿಡಿಯುವುದು. ಕಟ್ಟಡದ ಲಾಬಿಗೆ "ನನ್ನ ತಾತನ ನಾಡಿನ ಕಲ್ಲು" ಹಾಸಬೇಕು ಎಂದು ಅವನ ಹಟ. ಇಟಲಿಯ ಒಂದು ಕಾರ್ಖಾನೆ ಮಾದರಿ ಕಳಿಸಿತು. ಗಾಢ ಕೆಂಪು, ಅದಕ್ಕೊಂದು ನಾಜೂಕಾದ ಇಟಾಲಿಯನ್ ಹೆಸರು.

ಆ ಕೆಂಪನ್ನು ನಾನು ಎಲ್ಲಿ ಕಂಡರೂ ಗುರುತಿಸಬಲ್ಲೆ. ಇಳಕಲ್ಲಿನ ನಮ್ಮ ಮನೆಯ ಪಡಸಾಲೆಯ ಬಣ್ಣ ಅದು. ಇಳಕಲ್ ಎಂದರೆ ಜನಕ್ಕೆ ಸೀರೆ ನೆನಪಾಗುತ್ತದೆ; ನಮಗೆ ಊರಿನವರಿಗೆ ಸೀರೆಯಷ್ಟೇ ಕಲ್ಲೂ ಹೌದು. ನಮ್ಮ ಕಡೆಯ ಗಣಿಗಳಿಂದ ಮನೆಯಷ್ಟು ದೊಡ್ಡ ಬ್ಲಾಕುಗಳು ಹಡಗು ಹತ್ತಿ ಇಟಲಿಗೆ ಹೋಗುತ್ತವೆ, ಅಲ್ಲಿ ಹಲಗೆಯಂತೆ ಕೊಯ್ದು, ಕನ್ನಡಿಯಂತೆ ತಿಕ್ಕಿ, ಹೊಸ ಹೆಸರಿಟ್ಟು ಲೋಕಕ್ಕೆಲ್ಲ ಮಾರುತ್ತಾರೆ. ಕಲ್ಲಿನ ಪೇಟೆಯಲ್ಲಿ ಇದು ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ಕೆಂಪು ಕಲ್ಲು ನಮ್ಮೂರಲ್ಲಿ ಮಾತ್ರ ಇದೆಯೇ ಎಂದುಕೊಂಡು ನಾನೂ ಸುಮ್ಮನಿದ್ದೆ.

ಒಪ್ಪಂದಕ್ಕೆ ದಿನ ಗೊತ್ತು ಮಾಡುವ ಕೆಲಸ ನನ್ನದು. ಅಮೆರಿಕದವರಿಗೆ ಹದಿಮೂರು ಆಗದು ಎಂದು ಜಾಣತನದಿಂದ ಹದಿಮೂರನ್ನು ತಪ್ಪಿಸಿ ಹದಿನೇಳಕ್ಕೆ ಇಟ್ಟೆ. ಶುಕ್ರವಾರ ಬೇರೆ, ಲಕ್ಷ್ಮಿಯ ದಿನ. ದೊತ್ತೋರೆ ಕ್ಯಾಲೆಂಡರ್ ನೋಡಿ ಬಿಳಿಚಿಕೊಂಡರು. ಇಟಲಿಯವರಿಗೆ ಆಗದ ಸಂಖ್ಯೆ ಹದಿನೇಳಂತೆ. ಹದಿನೇಳು ಶುಕ್ರವಾರ ಬಿದ್ದರೆ ಕೆಲವರು ಮನೆಯಿಂದ ಹೊರಗೇ ಬರುವುದಿಲ್ಲವಂತೆ. ವಿನ್ನಿ ಮಾತ್ರ ಬೇರೆ ದಿನ ಬಿಡುವಿಲ್ಲ ಎಂದ. ದೊತ್ತೋರೆ ಕೋಣೆಯಲ್ಲಿ ಶತಪಥ ಹಾಕುತ್ತ, "ನಿಮ್ಮಲ್ಲಿ ಇಂಥದ್ದು ಏನಾದರೂ ಇದೆಯೇ?" ಎಂದು ಕೇಳಿದರು. ರಾಹುಕಾಲದ ವಿಷಯ ಹೇಳಿದೆ. ಶುಕ್ರವಾರ ಯಾವಾಗ ಎಂದರು. ಹತ್ತೂವರೆಯಿಂದ ಹನ್ನೆರಡು ಎಂದೆ. ಅವರು ನಿಂತುಬಿಟ್ಟರು.

"ಹಾಗಾದರೆ ಸರಿಯಾಗಿ ಹನ್ನೊಂದಕ್ಕೆ ಇಡಿ. ನನ್ನ ಹದಿನೇಳು, ನಿಮ್ಮ ರಾಹು. ಎರಡು ಮೈನಸ್ ಸೇರಿದರೆ ಪ್ಲಸ್."

ಹನ್ನೊಂದಕ್ಕೇ ಇಟ್ಟೆವು. ವಿನ್ನಿ ನಗುನಗುತ್ತ ಸಹಿ ಹಾಕಿ ಹೋದ. ಮನೆಗೆ ಬಂದು ಗೋಧಿ ಹುಗ್ಗಿ ಮಾಡಿದೆ.

ಆಮೇಲೆ ಬಂತು ಗಂಡಾಂತರ. ಕಲ್ಲು ಇಟಲಿಯಿಂದ ನೂವರ್ಕ್ ಬಂದರಿಗೆ ಬಂದಿಳಿಯಿತು. ಅಲ್ಲೇ ಹತ್ತಿರದ ಯಾರ್ಡಿನಲ್ಲಿ ಹಲಗೆಗಳನ್ನು ನೋಡಿ ಒಪ್ಪಿಕೊಳ್ಳಲು ವಿನ್ನಿ ಬಂದ, ನಾನೂ ದೊತ್ತೋರೆಯೂ ಹೋದೆವು. ಒಂದೊಂದನ್ನೇ ಕ್ರೇನು ಎತ್ತಿ ತೋರಿಸುತ್ತಿತ್ತು. ಎಲ್ಲ ಚೆಂದ. ಕೊನೆಯದು ಎಲ್ಲಕ್ಕಿಂತ ದೊಡ್ಡದು, ಲಾಬಿಯ ನಟ್ಟನಡುವೆ ಹಾಕುವಂಥದ್ದು. ಬ್ಲಾಕಿನ ಹೊರಮೈ ಹಲಗೆಯನ್ನು ಸಾಮಾನ್ಯವಾಗಿ ಎಸೆದುಬಿಡುತ್ತಾರೆ. ಈ ಸಲ ಕಲ್ಲು ಕಡಿಮೆ ಬಿದ್ದು, ಒಂದು ಮುಖ ಮಾತ್ರ ಹೊಳಪಿಸಿ ಅದನ್ನೂ ಕಳಿಸಿದ್ದರು. ಕ್ರೇನಿನಲ್ಲಿ ತೂಗುತ್ತ ಅದು ಮೆಲ್ಲಗೆ ತಿರುಗಿ ನಮಗೆ ಬೆನ್ನು ತೋರಿಸಿತು.

ಒರಟು ಕಲ್ಲಿನ ಮೇಲೆ ಮೂರು ಬಿಳಿ ಪಟ್ಟೆ, ನಡುವೆ ಒಂದು ಕೆಂಪು ಬೊಟ್ಟು.

ನಮ್ಮ ಗಣಿಗಳಲ್ಲಿ ಬ್ಲಾಕು ಲಾರಿ ಹತ್ತುವ ಮೊದಲು ಪೂಜೆ ಮಾಡಿ, ಕಾಯಿ ಒಡೆದು, ವಿಭೂತಿ ಕುಂಕುಮ ಹಚ್ಚುತ್ತಾರೆ. ಮಳೆಗೆ ತೊಳೆದುಹೋಗದಿರಲಿ ಎಂದು ಕೆಲವರು ನಂಬರು ಬರೆಯುವ ಪೇಂಟಿನಲ್ಲೇ ವಿಭೂತಿ ಎಳೆದುಬಿಡುತ್ತಾರೆ. ಸಮುದ್ರ ದಾಟಿ, ಗರಗಸಕ್ಕೆ ಸಿಕ್ಕು, ಮತ್ತೊಂದು ಸಮುದ್ರ ದಾಟಿದರೂ ಅದು ಹಾಗೇ ಇತ್ತು.

"ಇದೇನು, ಯಾರಾದ್ರೂ ಗೀಚಿದಾರಾ?" ಎಂದು ವಿನ್ನಿ ನನ್ನ ಕಡೆ ತಿರುಗಿದ. ತಿರುಗಿದವನು ನನ್ನನ್ನೇ ನೋಡುತ್ತ ನಿಂತ. ಯಾಕೆ ಎಂದು ನಾನೂ ನೋಡಿಕೊಂಡೆ. ನನ್ನ ಎರಡೂ ಕೈ ಎದೆಯ ಮುಂದೆ ಜೋಡಿಸಿಕೊಂಡಿದ್ದವು. ಚಪ್ಪಲಿಯನ್ನೂ ಕಳಚಿ ಪಕ್ಕಕ್ಕಿಟ್ಟಿದ್ದೆ. ಯಾವಾಗ ಮಾಡಿದೆನೋ ದೇವರಾಣೆ ಗೊತ್ತಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಗತಿ ನನ್ನದಾಯಿತು.

"ನಿಮಗೆ ಗೊತ್ತು ಇದು" ಎಂದ ವಿನ್ನಿ.

ಸುಳ್ಳು ಬಾಯಿಗೆ ಬರಲಿಲ್ಲ. "ಗೊತ್ತು. ಇದು ನಮ್ಮೂರಿನ ಕಲ್ಲು. ಇಂಡಿಯಾದ್ದು. ಪೂಜೆ ಮಾಡಿ ಕಳಿಸಿದ್ದಾರೆ" ಎಂದೆ.

ಅವನು ಕೂಗಾಡಿದ್ದರೆ ಚೆನ್ನಾಗಿತ್ತು. ಟೋಪಿ ತೆಗೆದು ತಲೆ ಸವರಿಕೊಂಡು, "ನನ್ನ ಹತ್ರ ಇಟಲಿ ಅಂದ್ರಿ" ಎಂದಷ್ಟೇ ಹೇಳಿ ಟ್ರಕ್ ಹತ್ತಿ ಹೋಗಿಬಿಟ್ಟ.

ಕಾರಿನಲ್ಲಿ ನನ್ನ ಕಣ್ಣಲ್ಲಿ ನೀರು. ಆರ್ಡರ್ ಹೋಯಿತು, ಮೇಜು ಹೋಯಿತು, ಮನೆಗೆ ಹೋಗಿ ಬಸವರಾಜರಿಗೆ ಏನು ಹೇಳಲಿ? ದೊತ್ತೋರೆಗೆ ಬೇರೆಯದೇ ಚಿಂತೆ. ಆ ಮೂರು ಪಟ್ಟೆ ಎಂದರೇನು, ಯಾರು ಎಳೆಯುತ್ತಾರೆ, ಕಾಯಿ ಯಾಕೆ ಒಡೆಯುತ್ತಾರೆ, ಚಪ್ಪಲಿ ಯಾಕೆ ಬಿಟ್ಟಿರಿ ಎಂದು ಕೇಳಿದ್ದೇ ಕೇಳಿದ್ದು. ಅವರ ನಾಡಿನ ಗಣಿಗಳಲ್ಲೂ ಹಳಬರು ಬಂಡೆ ಇಳಿಸುವ ಮೊದಲು ಶಿಲುಬೆ ಎಳೆದುಕೊಳ್ಳುತ್ತಾರಂತೆ. ಕೊನೆಗೆ, "ಕಲ್ಲು ಎಲ್ಲಿಯದೆಂದು ನನಗೂ ಅನುಮಾನವಿತ್ತು, ಕೇಳಲಿಲ್ಲ. ಕೊಳ್ಳುವವನು ಕಂಡುಹಿಡಿಯುವ ಮೊದಲು ನಾವೇ ಹೇಳಬೇಕಿತ್ತು. ಈಗ ಅವನ ಮನೆಬಾಗಿಲಿಗೆ ಹೋಗಬೇಕು. ನೀವೂ ಬರಬೇಕು" ಎಂದರು. ಅನಘಾ, ಮೂವತ್ತು ಕೋರ್ಸು ಮಾಡಿದರೂ ಇದಕ್ಕಿಂತ ದೊಡ್ಡ ಪಾಠ ಸಿಗದು.

ವಿನ್ನಿಯ ಆಫೀಸು ಎಂದರೆ ಕಟ್ಟಡದ ಪಕ್ಕದಲ್ಲಿ ನಿಲ್ಲಿಸಿದ ಒಂದು ಟ್ರೇಲರು. ಮರುದಿನ ಬೆಳಿಗ್ಗೆ ಹೋದೆವು. ಕೂರಿ ಎನ್ನಲಿಲ್ಲ. ಗೋಡೆಯ ಮೇಲೆ ಹಳೆಯ ಉಳಿಯೊಂದನ್ನು ಮೊಳೆಗೆ ತೂಗುಹಾಕಿದ್ದ.

"ನಿಮ್ಮ ತಾತನದೇ?" ಎಂದರು ದೊತ್ತೋರೆ.

"ಹೌದು. ನೂವರ್ಕ್‌ನಲ್ಲಿ ಚರ್ಚ್ ಕಟ್ಟಿದ ಉಳಿ."

"ಇಟಲಿಯಿಂದ ಕಲ್ಲು ತರಿಸಿ ಕಟ್ಟಿದರೇ?"

ವಿನ್ನಿ ನಕ್ಕ, ಕಹಿಯಾಗಿ. "ಬಡವ. ಹಡಗಲ್ಲಿ ಒಂದು ಗಂಟು ಬಟ್ಟೆ ತಂದಿದ್ದ. ಕಲ್ಲು ಇಲ್ಲಿಯದೇ, ನ್ಯೂಜೆರ್ಸಿಯದು."

"ಆದರೂ ಆ ಚರ್ಚನ್ನು ಜನ ಏನೆನ್ನುತ್ತಾರೆ?"

ವಿನ್ನಿ ಉಳಿಯ ಕಡೆ ನೋಡಿದ. ಆಮೇಲೆ ಹೇಳಿದ: "ಇಟಾಲಿಯನ್ ವರ್ಕ್ ಅಂತಾರೆ."

ದೊತ್ತೋರೆ ತಮ್ಮ ಎರಡೂ ಅಂಗೈಯನ್ನು ಅವನ ಮೇಜಿನ ಮೇಲೆ ಅಂಗಾತ ಇಟ್ಟರು. "ನಾವು ಲೋಕಕ್ಕೆ ಕೊಟ್ಟದ್ದು ಇದನ್ನೇ. ಕಲ್ಲು ಈ ಸಿನ್ಯೋರಾಳ ಊರಿನದು, ಕೈ ನಿಮ್ಮ ತಾತನ ಊರಿನದು. ಅದನ್ನು ಮೊದಲೇ ಹೇಳದೆ ಇದ್ದದ್ದು ನಮ್ಮ ತಪ್ಪು. ಬೇಡವೆಂದರೆ ಇವತ್ತೇ ವಾಪಸು ತೆಗೆದುಕೊಂಡು ಹೋಗಲು ಹೇಳುತ್ತೇನೆ."

ವಿನ್ನಿ ಎದ್ದು ಕಿಟಕಿಯ ಹತ್ತಿರ ಹೋದ. ಹೊರಗೆ ಸಿಮೆಂಟಿನ ಲಾರಿ ಗಿರ್ರೆಂದು ತಿರುಗುತ್ತಿತ್ತು. ತಿರುಗಿ ನನ್ನನ್ನು ಕೇಳಿದ: "ನಿಮ್ಮೂರಲ್ಲಿ ನಿಜವಾಗ್ಲೂ ಕಲ್ಲಿಗೆ ಪ್ರೇಯರ್ ಮಾಡಿ ಕಳಿಸ್ತಾರಾ?"

"ಮಾಡ್ತಾರೆ. ಹೆಣ್ಣುಮಗಳನ್ನ ಗಂಡನ ಮನೆಗೆ ಕಳಿಸಿದ ಹಾಗೆ" ಎಂದೆ.

"ಹಾಗಾದ್ರೆ ಲಾಬಿಯಲ್ಲಿ ಒಂದು ಹಿತ್ತಾಳೆ ಫಲಕ ಹಾಕ್ಬೇಕು. ಎರಡೂ ಊರಿನ ಹೆಸರು ಇರ್ಬೇಕು. ನಿಮ್ಮ ಸರ್ಕಾರ ಒಪ್ಪಿದ್ರೆ ಕಲ್ಲು ಇಳಿಸ್ಕೋತೀನಿ."

"ಒಪ್ಪಿದೆ" ಎಂದರು ದೊತ್ತೋರೆ, ಯಾರನ್ನೂ ಕೇಳದೆ.

ರೋಮಿನವರು ಬಿಡುತ್ತಾರೆಯೇ? ಸುದ್ದಿ ಮುಟ್ಟಿದ ಕೂಡಲೇ ಫೋನು. ಬಾಗಿಲು ತೆರೆದೇ ಇತ್ತು, ನನಗೆಲ್ಲ ಕೇಳಿಸಿತು. ಇಂಡಿಯಾದ ಜಾಹೀರಾತು ಮಾಡಲು ನಿಮ್ಮನ್ನು ನ್ಯೂಯಾರ್ಕಿಗೆ ಕಳಿಸಿದ್ದಲ್ಲ, ಫಲಕದಿಂದ ಆ ಊರಿನ ಹೆಸರು ತೆಗೆಸಿ ಎಂದು ಆ ಕಡೆಯವರು ಗುಡುಗುತ್ತಿದ್ದರು. ದೊತ್ತೋರೆ ಶಾಂತವಾಗಿ, "ಕ್ಷಮಿಸಿ, ಹಿತ್ತಾಳೆಯಲ್ಲಿ ಕೆತ್ತಿಯಾಗಿದೆ, ಅಳಿಸಲು ಬರುವುದಿಲ್ಲ" ಎಂದು ಫೋನಿಟ್ಟರು. ಫಲಕವೇ ಇರಲಿಲ್ಲ. ನನ್ನ ಮೇಜಿಗೆ ಬಂದು, "ಸಿನ್ಯೋರಾ ಜಿರಿಯಾ, ಇವತ್ತು ಸಂಜೆಯೊಳಗೆ ಕೆತ್ತಿಸಬೇಕು" ಎಂದರು.

ಎಂಥ ಓಟ ಅದು. ಹಿತ್ತಾಳೆ ಫಲಕ ಅದೇ ದಿನ ಕೆತ್ತಿಕೊಡುವವರು ಮ್ಯಾನ್‌ಹ್ಯಾಟನ್ನಿನಲ್ಲಿ ಯಾರೂ ಸಿಗಲಿಲ್ಲ. ಜ್ಯಾಕ್ಸನ್ ಹೈಟ್ಸಿನಲ್ಲಿ ಕ್ರಿಕೆಟ್ ಕಪ್ಪುಗಳ ಮೇಲೆ ಹೆಸರು ಕೆತ್ತುವ ಗುಜರಾತಿ ಅಂಕಲ್ ಒಬ್ಬರು ನೆನಪಾದರು. ಸಬ್‌ವೇ ಹಿಡಿದು, ಸೀರೆ ಅಂಗಡಿ, ಮಿಠಾಯಿ ಅಂಗಡಿಗಳ ನಡುವೆ ದಾಪುಗಾಲು ಹಾಕುತ್ತ ಹೋದೆ. ಸೋಮವಾರ ಬನ್ನಿ ಎಂದರು. ಅಂಗಡಿಯ ಸ್ಟೂಲಿನ ಮೇಲೆ ಕುಳಿತೇಬಿಟ್ಟೆ. "ಬೆಹೆನ್, ಯಾವ ಟೂರ್ನಮೆಂಟ್ ಇದು?" ಎಂದು ಕೇಳಿದರು. ಕಥೆ ಹೇಳಿದೆ. ಅಂಕಲ್ ಕಪ್ಪುಗಳನ್ನೆಲ್ಲ ಪಕ್ಕಕ್ಕೆ ಸರಿಸಿ ಕನ್ನಡಕ ಹಾಕಿಕೊಂಡರು. ಕಲ್ಲು, ಇಳಕಲ್, ಭಾರತ, ಕೈಗೆಲಸ, ಇಟಲಿ, ಕಟ್ಟಿದ್ದು, ನ್ಯೂಜೆರ್ಸಿ. ಇಂಗ್ಲಿಷಿನಲ್ಲಿ ನಮ್ಮೂರಿನ ಹೆಸರು ಒಂದೊಂದೇ ಅಕ್ಷರವಾಗಿ ಹೊಳೆಯುತ್ತ ಏಳುವುದನ್ನು ನೋಡುತ್ತ ನನಗೆ ಮೈ ಜುಮ್ಮೆಂದಿತು. ಅದನ್ನು ಎದೆಗವಚಿಕೊಂಡು ಟ್ರೇನು ಹತ್ತಿದೆ.

ಒಂದು ಅಳುಕು ಮಾತ್ರ ಉಳಿದಿತ್ತು. ವಿಭೂತಿಯ ಹಲಗೆಯನ್ನು ಲಾಬಿಯ ನಡುವೆಯೇ ಹಾಸುತ್ತಾರೆ, ಬೆನ್ನು ಕೆಳಗೆ, ಹೊಳಪು ಮೇಲೆ. ದಿನವೂ ಸಾವಿರ ಬೂಟು ಅದರ ಮೇಲೆ ಓಡಾಡುತ್ತವೆ. ಇಳಕಲ್ಲಿಗೆ ಫೋನು ಮಾಡಿ ಅವ್ವನನ್ನು ಕೇಳಿದೆ.

"ಅದಕ್ಯಾಕ ಅಷ್ಟು ಚಿಂತಿ ಮಾಡ್ತಿ?" ಎಂದಳು ಅವ್ವ. "ಗುಡಿ ಪಾವಟಿಗಿನೂ ಕಲ್ಲ ಅಲ್ಲೇನು? ಅದರ ಮ್ಯಾಲ ಕಾಲಿಟ್ಟ ದೇವರ ಹತ್ರ ಹೋಗ್ತೀವಿ. ಮಂದಿ ನಡೀಲಿ ಬಿಡು, ಕಲ್ಲಿಗೇನೂ ಸಿಟ್ಟು ಬರಂಗಿಲ್ಲ. ನಿನಗ ಮನಸ್ಸಿಗೆ ಹತ್ತಿದ್ರ ನೀ ಒಬ್ಬಾಕಿ ಸುತ್ತು ಹಾಕಿ ಹೋಗು."

ಉದ್ಘಾಟನೆಯ ದಿನ ಹಾಗೇ ಮಾಡಿದೆ, ಆ ಹಲಗೆಯ ಅಂಚಿನಗುಂಟ ಸುತ್ತಿಕೊಂಡು ಹೋದೆ. ಪಕ್ಕದಲ್ಲಿದ್ದ ದೊತ್ತೋರೆ ಕಣ್ಣಲ್ಲೇ ಕೇಳಿದರು. ಅವ್ವ ಹೇಳಿದ್ದನ್ನು ಪಿಸುಗುಟ್ಟಿದೆ. ಅವರೂ ನನ್ನ ಹಿಂದೆಯೇ ಸುತ್ತು ಹಾಕಿದರು.

ಕಲ್ಲಿನ ವಿಭಾಗ ಉಳಿಯಿತು. ನನ್ನ ಮೇಜೂ ಉಳಿಯಿತು. ಆದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ, ತಿಂಗಳೊಪ್ಪತ್ತಿನಲ್ಲಿ ದೊತ್ತೋರೆಯನ್ನು ರೋಮಿಗೆ ವಾಪಸು ಕರೆಸಿಕೊಂಡು ಮೂಲೆಯ ಕುರ್ಚಿಯಲ್ಲಿ ಕೂರಿಸಿದರು. ಹೊರಡುವ ದಿನ ನಾನು ಅತ್ತೆ. ನಾನು ಕೈ ಮುಗಿಯದೆ ಇದ್ದಿದ್ದರೆ ನೀವು ಇಲ್ಲೇ ಇರುತ್ತಿದ್ದಿರಲ್ಲ ಎಂದೆ. ಅವರು ನಕ್ಕು, "ಫೋನಿನಲ್ಲಿ ಹೇಳಿದ ಆ ಸುಳ್ಳು ನನ್ನ ಕೆಲಸದ ಅತ್ಯುತ್ತಮ ಸುಳ್ಳು" ಎಂದರು. ನನ್ನ ಸಮಾಧಾನಕ್ಕೆ ಹಾಗೆಂದರೋ, ಮನಸ್ಸಿನಿಂದ ಬಂದದ್ದೋ ಎಂಬುದು ವರ್ಷಗಟ್ಟಲೆ ನನ್ನನ್ನು ಕೊರೆಯಿತು. ಕ್ರಿಸ್‌ಮಸ್ ಕಾರ್ಡಿನಲ್ಲಿ ಇಂಥದ್ದನ್ನು ಕೇಳಲಾಗುತ್ತದೆಯೇ?

ಮೂಲೆಯ ಕುರ್ಚಿ ಆ ಮನುಷ್ಯನಿಗೆ ಒಗ್ಗಲಿಲ್ಲ. ರಾಜೀನಾಮೆ ಕೊಟ್ಟು ತಮ್ಮೂರಿನಿಂದ ಚುನಾವಣೆಗೆ ನಿಂತರು, ಸೋತರು, ಮತ್ತೆ ನಿಂತು ಗೆದ್ದರು. ಇಟಲಿಯಲ್ಲಿ ಸರ್ಕಾರ ಬೀಳುವುದೂ ಏಳುವುದೂ ನಮ್ಮ ನ್ಯೂಜೆರ್ಸಿಯ ಹವಾಮಾನದ ಹಾಗೆ. ಅಂಥ ಒಂದು ಸಲ ಎದ್ದ ಸರ್ಕಾರದಲ್ಲಿ ಅವರು ವಿದೇಶ ವ್ಯಾಪಾರದ ಉಪಮಂತ್ರಿಯಾದರು. ನನ್ನ ನಿವೃತ್ತಿಗೆ ಕೆಲವೇ ವಾರ ಉಳಿದಿದ್ದಾಗ ನ್ಯೂಯಾರ್ಕಿಗೆ ಬಂದರು. ನೋಡಬೇಕಾದ ಜಾಗ ಯಾವುದು ಎಂದು ಕಚೇರಿಯವರು ಕೇಳಿದರೆ, ಜೆರ್ಸಿ ಸಿಟಿಯ ಒಂದು ಲಾಬಿ ಎಂದರಂತೆ.

ಬೆಳಗಿನ ಆಫೀಸಿನ ಹೊತ್ತು, ಲಾಬಿ ಗಿಜಿಗುಡುತ್ತಿತ್ತು. ವಿನ್ನಿ ಬಿಳಿ ಕೂದಲಾಗಿ ಬಂದಿದ್ದ. ನಾನು ಫಲಕದ ಪಕ್ಕದಲ್ಲಿ ನಿಂತಿದ್ದೆ, ಇಳಕಲ್ ಸೀರೆ ಉಟ್ಟು. ಬಾಗಿಲಲ್ಲಿ ಕರಿ ಸೂಟುಗಳ ಒಂದು ಮೋಡವೇ ನುಗ್ಗಿತು: ಕಾರ್ಯದರ್ಶಿಗಳು, ಅಂಗರಕ್ಷಕರು, ಕ್ಯಾಮೆರಾದವರು. ನಡುವೆ ನಮ್ಮ ಕುಳ್ಳ ದೊತ್ತೋರೆ, ಈಗ ಊರುಗೋಲು ಹಿಡಿದು. ನನ್ನನ್ನು ಕಂಡು ಕೈಯೆತ್ತಿದರು. ನೇರವಾಗಿ ಬಂದರೆ ನಾಲ್ಕು ಹೆಜ್ಜೆ. ನಾನು ಅವರ ಮುಖ ನೋಡಲಿಲ್ಲ, ಪಾದ ನೋಡುತ್ತಿದ್ದೆ.

ನಡುವಿನ ದೊಡ್ಡ ಹಲಗೆಯ ಅಂಚಿಗೆ ಬಂದು ಊರುಗೋಲು ನಿಂತಿತು. ಆಮೇಲೆ ಪಕ್ಕಕ್ಕೆ ತಿರುಗಿತು. ಕಾಲು ನೋವಿದ್ದರೂ ಅಂಚಿನಗುಂಟ ನಿಧಾನವಾಗಿ, ಪೂರ್ತಿ ಸುತ್ತು. ಉಪಮಂತ್ರಿ ಸುತ್ತಿದ ಮೇಲೆ ಕಾರ್ಯದರ್ಶಿಗಳು ನೇರ ಹೋಗುತ್ತಾರೆಯೇ? ಅವರೂ ಸುತ್ತಿದರು. ಅಂಗರಕ್ಷಕರು ಸುತ್ತಿದರು, ಕ್ಯಾಮೆರಾದವರು ಸುತ್ತಿದರು, ಯಾಕೆಂದು ಒಬ್ಬರಿಗೂ ಗೊತ್ತಿಲ್ಲ. ಇಡೀ ಇಟಲಿ ಸರ್ಕಾರ ನಮ್ಮೂರ ಕಲ್ಲಿಗೆ ಪ್ರದಕ್ಷಿಣೆ ಹಾಕಿ ನನ್ನ ಮುಂದೆ ಬಂದು ನಿಂತಿತು.

"ಸಿನ್ಯೋರಾ ಜಿರಿಯಾ" ಎಂದರು ದೊತ್ತೋರೆ, ಕೈ ಮುಗಿದು. ನನಗೆ ಬೇಕಿದ್ದ ಉತ್ತರ ಸಿಕ್ಕಿತ್ತು. ಅಳುತ್ತ ನಗುತ್ತ ನಾನೂ ಮುಗಿದೆ.

ಅಷ್ಟರಲ್ಲಿ ಬಾಗಿಲ ಕಾವಲಿನವನು ದೊಡ್ಡವರೆಲ್ಲ ಆ ಜಾಗ ತಪ್ಪಿಸಿ ಹೋದದ್ದನ್ನು ಕಂಡು ಗಾಬರಿಯಾಗಿ, ಓಡಿಹೋಗಿ ಹಳದಿ ಬೋರ್ಡೊಂದನ್ನು ತಂದು ಹಲಗೆಯ ಮೇಲೆ ನಿಲ್ಲಿಸಿದ. ಎಚ್ಚರಿಕೆ, ನೆಲ ಒದ್ದೆಯಾಗಿದೆ. ಆಮೇಲೆ ಆಫೀಸಿಗೆ ಬಂದವರೆಲ್ಲ ಕೈಯಲ್ಲಿ ಕಾಫಿ ಹಿಡಿದು, ಆ ಕಲ್ಲನ್ನು ಬಳಸಿಕೊಂಡು ಲಿಫ್ಟಿ‌ನ ಕಡೆ ಹೋದರು.